ಡಿಕ್ಕಿಯಲ್ಲಿ ಸಾಮಾನು, ಮಡಿಲಲ್ಲಿ ಮಗು

ಪರೀಕ್ಷೆ ಮುಗಿದು ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆಯೇ ಬೆಂಗಳೂರಿನ ಮನೆಗಳ ಹಜಾರಗಳಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಕುಳಿತುಕೊಳ್ಳುತ್ತವೆ. ಊರು ಬಿಟ್ಟು ಎರಡು ತಲೆಮಾರು ಕಳೆದಿದ್ದರೂ ಮನೆದೇವರ ನಂಟನ್ನು ಬಿಡದ ಕುಟುಂಬಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ಕಡೂರು ತಾಲ್ಲೂಕಿನ ದೇವನೂರನ್ನೇ ತೆಗೆದುಕೊಳ್ಳಿ. ಅಲ್ಲಿನ ಲಕ್ಷ್ಮೀಕಾಂತಸ್ವಾಮಿಗೆ ನಡೆದುಕೊಳ್ಳುವ ಕುಟುಂಬವೊಂದು ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರಗಳನ್ನು ದಾಟಿ ಊರು ಸೇರುತ್ತದೆ. ಪೂಜೆ ಮುಗಿಸಿ, ನಂಟರ ಮನೆಯಲ್ಲಿ ಒಂದು ರಾತ್ರಿ ಕಳೆದು, ಮರುದಿನ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರದ ಹಾದಿಯಾಗಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ, ಉಡುಪಿ ನೋಡಿಕೊಂಡು ಹಿಂದಿರುಗುತ್ತದೆ. ನಾಲ್ಕೈದು ದಿನಗಳ ಪ್ರವಾಸ. ಐದು ಆಸನಗಳ ಕಾರು. ಗಂಡ, ಹೆಂಡತಿ, ಅಜ್ಜಿ, ಇಬ್ಬರು ಮಕ್ಕಳು.

ಲೆಕ್ಕಕ್ಕೆ ಐವರಿಗೆ ಐದು ಆಸನ ಸರಿಯಾಗಿಯೇ ಇದೆ. ಆದರೆ ಹೊರಡುವ ಮುಂಜಾನೆ ನಡೆಯುವುದೇ ಬೇರೆ. ಮೊದಲು ಸೂಟ್‌ಕೇಸುಗಳು, ಆಮೇಲೆ ಪೂಜೆಯ ಸಾಮಾನಿನ ಚೀಲ, ನಂಟರಿಗೆ ಒಯ್ಯುವ ಸಿಹಿಯ ಡಬ್ಬಗಳು, ಇಪ್ಪತ್ತು ಲೀಟರ್ ನೀರಿನ ಕ್ಯಾನು. ಡಿಕ್ಕಿ ತುಂಬಿದ ಮೇಲೆ ಉಳಿದದ್ದು ಹಿಂದಿನ ಸೀಟಿಗೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಜಾಗ ಕಡಿಮೆಯಾದಾಗ ಚಿಕ್ಕ ಮಗು ಅಜ್ಜಿಯ ಮಡಿಲಿಗೆ ಹೋಗುತ್ತದೆ; ಅದಕ್ಕಿಂತ ದೊಡ್ಡದು ಮುಂದಿನ ಎರಡು ಆಸನಗಳ ನಡುವೆ ಮುಖ ತೂರಿಸಿಕೊಂಡು ನಿಲ್ಲುತ್ತದೆ. ಸಾಮಾನಿಗೆಲ್ಲ ನೆಲೆ ಸಿಕ್ಕ ಮೇಲೆ ಉಳಿದ ಸಂದಿಯಲ್ಲಿ ಮಕ್ಕಳನ್ನು ಹೊಂದಿಸುವುದು ನಮ್ಮ ಮಧ್ಯಮವರ್ಗದ ಪ್ರಯಾಣದ ಕ್ರಮವಾಗಿಬಿಟ್ಟಿದೆ.

ಈ ಕ್ರಮ ನಮಗೆ ಗಾಡಿಯ ಕಾಲದಿಂದ ಬಂದದ್ದಿರಬೇಕು. ಅಜ್ಜಂಪುರದ ಬಳಿಯ ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಎತ್ತಿನ ಗಾಡಿ ಕಟ್ಟಿಕೊಂಡು ಬರುವುದು ಇಂದಿಗೂ ಉಂಟು. ಗಾಡಿಯ ತಳಕ್ಕೆ ದಪ್ಪನಾಗಿ ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಅದರ ಮೇಲೆ ಬುತ್ತಿಯ ಗಂಟು, ಪಾತ್ರೆ, ಹಾಸಿಗೆ. ಇವುಗಳ ನಡುವೆ ಮಕ್ಕಳು. ಎತ್ತಿಗೆ ಮೇವಾಗುವ ಹುಲ್ಲೇ ಮಕ್ಕಳಿಗೆ ಮೆತ್ತೆಯೂ ಆಗುವ ಏರ್ಪಾಟಿನಲ್ಲಿ ಜಾಣತನವಿತ್ತು. ಈ ಸೀಮೆಗೆ ಸಾಮಾನು ಸಾಗಣೆಯ ಹಳೆಯ ಹೆಮ್ಮೆಯೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರು ಪಡೆದ ರಾಸುಗಳು ಪ್ರಸಿದ್ಧವಾದದ್ದು ಸೇನೆಯ ಫಿರಂಗಿಗಳನ್ನೂ ಸರಂಜಾಮನ್ನೂ ಎಳೆದ ಕಸುವಿಗಾಗಿ. ಆ ತಳಿಯ ಸಂವರ್ಧನಾ ಕೇಂದ್ರವಿರುವುದು ಅಜ್ಜಂಪುರದಲ್ಲಿ. ಆದರೆ ಹೇರು ತುಂಬಿದ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರ್ ಹೋದರೆ ಹೆಚ್ಚು. ಹಳ್ಳಕ್ಕೆ ಚಕ್ರ ಇಳಿದರೆ ಮಗು ಗಂಟಿನ ಮೇಲೆ ಉರುಳಿ ನಗುತ್ತಿತ್ತು. ಗಾಡಿಯ ಆ ರೂಢಿಯನ್ನು ನೂರು ಕಿಲೋಮೀಟರ್ ವೇಗದ ಕಾರಿಗೆ ಹಾಗೆಯೇ ತಂದುಕೊಂಡಿದ್ದೇವೆ.

ಕನ್ನಡದಲ್ಲಿ 'ಡಿಕ್ಕಿ' ಎಂದರೆ ಕಾರಿನ ಹಿಂಬದಿಯ ಸಾಮಾನಿನ ಗೂಡೂ ಹೌದು, ವಾಹನಗಳ ಢಿಕ್ಕಿಯೂ ಹೌದು. ಭಾಷೆಯ ಈ ಆಕಸ್ಮಿಕದಲ್ಲಿ ಸ್ವಲ್ಪ ಸತ್ಯವಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಮರಕ್ಕೋ ಲಾರಿಗೋ ಬಡಿದು ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗಿ ನಿಂತಿತೆಂದುಕೊಳ್ಳಿ. ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು: ಆ ಕ್ಷಣದಲ್ಲಿ ಒಳಗಿನ ವಸ್ತುವನ್ನು ತಡೆದು ನಿಲ್ಲಿಸಲು ಅದರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೇಕು. ಹತ್ತು ಕಿಲೋ ತೂಕದ ಕೂಸನ್ನು ಹಿಡಿದ ಅಜ್ಜಿಯ ಕೈಗಳು ಇನ್ನೂರು ಕಿಲೋ ಭಾರವನ್ನು ತಡೆಯಬೇಕು. ಯಾವ ವಾತ್ಸಲ್ಯಕ್ಕೂ ಅಷ್ಟು ತೋಳ್ಬಲವಿಲ್ಲ. ಅಜ್ಜಿಗೆ ಬೆಲ್ಟ್ ಇಲ್ಲದಿದ್ದರೆ ಆಕೆಯ ದೇಹದ ಭಾರವೂ ಮಗುವಿನ ಮೇಲೆಯೇ. ಹಿಂದಿನ ಕಿಟಕಿಯ ಹಲಗೆಯ ಮೇಲೆ ಸುಮ್ಮನೆ ಇಟ್ಟ ಎರಡು ಕಿಲೋದ ಸ್ಟೀಲ್ ಡಬ್ಬವೂ ನಲವತ್ತು ಕಿಲೋದ ಪೆಟ್ಟಾಗಿ ಮುಂದಕ್ಕೆ ಹಾರುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಬಡಿಯುವುದೆಂದರೆ ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ, ಬಿದ್ದಂತೆ. ಮಹಡಿಯ ಕಟಕಟೆಯ ಬಳಿ ಮಗು ಸುಳಿದರೆ ಎದೆ ಧಸಕ್ಕೆನ್ನುವ ನಮಗೆ ಚಲಿಸುವ ಕಾರಿನಲ್ಲಿ ಅದು ಎದ್ದು ನಿಂತಾಗ ಏನೂ ಅನ್ನಿಸುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕರಣ, ಹದಿನಾಲ್ಕು ವರ್ಷದೊಳಗಿನ ಮಗು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸುರಕ್ಷಾ ಆಸನದಿಂದಲೋ ಬಂಧಿತವಾಗಿರದಿದ್ದರೆ ವಾಹನ ಚಲಾಯಿಸಿದವರಿಗೆ ಸಾವಿರ ರೂಪಾಯಿ ದಂಡವೆನ್ನುತ್ತದೆ. ಹಿಂದಿನ ಆಸನದವರೂ ಬೆಲ್ಟ್ ಧರಿಸಬೇಕೆಂಬ ನಿಯಮ ಹಳೆಯದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಬೆಲ್ಟ್ ಧರಿಸದೆ ಸತ್ತವರು 16,715. ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಅದೇ ವರ್ಷದ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಅವರು ಕುಳಿತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಕೆಲವು ವಾರ ದೇಶವೆಲ್ಲ ಹಿಂದಿನ ಬೆಲ್ಟಿನ ಮಾತಾಡಿತು. ಆಮೇಲೆ ಬೆಲ್ಟಿನ ಕೊಂಡಿಗಳು ಮತ್ತೆ ಸೀಟಿನ ಹೊದಿಕೆಯ ಕೆಳಗೆ ಸೇರಿಕೊಂಡವು.

ಹಾಗಾಗಿ ಗಂಟು ಕಟ್ಟುವ ಕೆಲಸ ಆರಂಭವಾಗಬೇಕಾದದ್ದು ಬಟ್ಟೆಯ ಕಪಾಟಿನ ಮುಂದಲ್ಲ, ಖಾಲಿ ಕಾರಿನ ಹಿಂದಿನ ಸೀಟಿನ ಮುಂದೆ. ಹಸುಗೂಸಿಗೆ ಹಿಂದಕ್ಕೆ ಮುಖ ಮಾಡಿದ ಆಸನ. ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಅದನ್ನು ಇಡಲೇಬಾರದು. ಅದಕ್ಕಿಂತ ದೊಡ್ಡ ಮಗುವಿಗೆ ತನ್ನದೇ ಪಟ್ಟಿಗಳಿರುವ ಆಸನ. ಆರೇಳು ವರ್ಷದ ಮಗುವಿಗೆ ಕಾರಿನ ಬೆಲ್ಟ್ ಕುತ್ತಿಗೆಯ ಮೇಲೂ ಹೊಟ್ಟೆಯ ಮೇಲೂ ಹಾಯುತ್ತದೆ. ಅದು ಭುಜದ ನಡುವೆ ಮತ್ತು ಸೊಂಟದ ಮೂಳೆಯ ಮೇಲೆ ಕೂರುವಂತೆ ಮಗುವನ್ನು ಎತ್ತರಿಸುವ 'ಬೂಸ್ಟರ್' ಬೇಕು, ಸರಿಸುಮಾರು ನಾಲ್ಕೂವರೆ ಅಡಿ ಬೆಳೆಯುವವರೆಗಾದರೂ. ದಿಂಬು ಅದಕ್ಕೆ ಬದಲಿಯಲ್ಲ. ಅಪಘಾತದಲ್ಲಿ ಅದು ಜಾರಿಹೋಗುತ್ತದೆ. ಇವುಗಳ ಬೆಲೆ ಕಡಿಮೆಯೇನಲ್ಲ ಎಂಬ ಆಕ್ಷೇಪ ನಿಜ. ಆದರೆ ಕಾರಿಗೆ ಚರ್ಮದ ಹೊದಿಕೆ, ಹೊಸ ಸ್ಪೀಕರು ಹಾಕಿಸುವಾಗ ನಾವು ಬೆಲೆಯ ಮಾತು ಆಡುವುದಿಲ್ಲ.

ಅಜ್ಜಿ ಮತ್ತು ಇಬ್ಬರು ಮಕ್ಕಳು ಬೆಲ್ಟ್ ಸಮೇತ ಕುಳಿತ ಮೇಲೆ ಉಳಿದ ಜಾಗವಷ್ಟೇ ಸಾಮಾನಿಗೆ. ಭಾರದ್ದು ಡಿಕ್ಕಿಯ ತಳಕ್ಕೆ, ಸೀಟಿನ ಬೆನ್ನಿಗೆ ಒತ್ತಿಕೊಂಡು. ತುಂಬಿದ ಕಾರಿಗೆ ಟೈರಿನ ಗಾಳಿ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಅದನ್ನು ಓದಿದವರು ಕಡಿಮೆ. ಇಪ್ಪತ್ತು ಲೀಟರಿನ ಕ್ಯಾನು ಬೇಡ. ಒಬ್ಬೊಬ್ಬರಿಗೂ ಒಂದು ಬಾಟಲಿ ಇದ್ದರೆ ದಾರಿಯ ಹೋಟೆಲುಗಳಲ್ಲಿ ಬಿಸಿನೀರು ತುಂಬಿಸಿಕೊಳ್ಳಬಹುದು.

ಬುತ್ತಿಯನ್ನು ಮಾತ್ರ ಯಾರೂ ಕಡಿಮೆ ಮಾಡಬಾರದು. ಹಳೆಯ ತಲೆಮಾರಿನ ಹೆಂಗಸರು ನಸುಕಿನಲ್ಲಿ ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಅದಕ್ಕೆ ಹೆಚ್ಚು ಹಾಲನ್ನೂ ಒಂದೇ ಒಂದು ಚಮಚ ಮೊಸರನ್ನೂ ಬೆರೆಸಿ ಡಬ್ಬ ಮುಚ್ಚುತ್ತಿದ್ದರು. ಗಾಡಿ ಮಧ್ಯಾಹ್ನ ಮರದ ನೆರಳಿಗೆ ನಿಲ್ಲುವ ಹೊತ್ತಿಗೆ ಅದು ಹುಳಿಯಿಲ್ಲದ, ಹದವಾದ ಮೊಸರನ್ನವಾಗಿರುತ್ತಿತ್ತು. ಪ್ರಯಾಣದ ಅವಧಿಯನ್ನೇ ಅಡುಗೆಯ ಅವಧಿಯಾಗಿಸಿದ ಬುದ್ಧಿ ಅದು. ಹುಣಸೆಹುಳಿಯ ಪುಳಿಯೋಗರೆ, ಹುರಿಹಿಟ್ಟು, ಒಗ್ಗರಣೆ ಅವಲಕ್ಕಿ, ಕೋಡುಬಳೆ ಇವೆಲ್ಲ ಕೆಡದೆ ನಿಲ್ಲುವ ಗುಣದಿಂದಾಗಿಯೇ ಬುತ್ತಿಗೆ ಬಂದವು. ಕೆಂಡದ ಮೇಲೆ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದರೆ ತಿಂದ ಮೇಲೆ ಎಲೆಯನ್ನು ದನಕ್ಕೆ ಹಾಕಬಹುದಿತ್ತು. ಚಾರ್ಮಾಡಿಯ ತಿರುವುಗಳಲ್ಲಿ ನಾವಿಂದು ಬಿಟ್ಟುಬರುವುದು ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣಗಳನ್ನು. ಅದಕ್ಕೆ ಕಾದು ಕುಳಿತ ಕೋತಿಗಳ ಹಿಂಡನ್ನು ಬೆಳೆಸಿದವರೂ ನಾವೇ.

ಚಾರ್ಮಾಡಿಯ ಮಾತು ಬಂದಮೇಲೆ ವಾಂತಿಯ ಮಾತೂ ಬರಬೇಕು. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. ಅಲ್ಲಿಂದ ಹನ್ನೆರಡರವರೆಗಿನ ವಯಸ್ಸೇ ಕಷ್ಟದ್ದು. ದೇಹ ತಿರುಗುತ್ತಿದೆಯೆಂದು ಒಳಕಿವಿ ಹೇಳುತ್ತಿರುವಾಗ, ಮೊಬೈಲ್ ತೆರೆಯಲ್ಲಿ ನೆಟ್ಟ ಕಣ್ಣು ಇಲ್ಲವೆನ್ನುತ್ತದೆ. ಮಿದುಳಿಗೆ ಬಂದ ಎರಡು ಸುದ್ದಿಗಳ ಜಗಳ ಹೊಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಘಾಟಿಯಲ್ಲಿ ಮಕ್ಕಳು ಸುಮ್ಮನಿರಲೆಂದು ಕೈಗೆ ಕೊಡುವ ಮೊಬೈಲೇ ಅವರ ಹೊಟ್ಟೆ ತೊಳಸುವುದಕ್ಕೆ ಮುಖ್ಯ ಕಾರಣ. ಎತ್ತರದ ಆಸನದಲ್ಲಿ ಕುಳಿತ ಮಗುವಿಗೆ ಕಿಟಕಿಯ ಹೊರಗಿನ ಬೆಟ್ಟಸಾಲು ಕಾಣುತ್ತದೆ, ತೊಳಸುವುದು ಕಡಿಮೆಯಾಗುತ್ತದೆ. ನಿಂಬೆಹಣ್ಣು, ದಪ್ಪ ಕಾಗದದ ಚೀಲ, ಒಂದು ಜೊತೆ ಬಟ್ಟೆ ಕೈಗೆಟುಕುವ ಕಡೆ ಇರಲಿ. ಡಿಕ್ಕಿಯ ತಳದಲ್ಲಿದ್ದರೆ ಪ್ರಯೋಜನವಿಲ್ಲ.

ಭೇದಿಗೆ ಓಆರ್‌ಎಸ್ ಪೊಟ್ಟಣ ಇರಲೇಬೇಕು. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಸಾವಿರಾರು ಜೀವ ಉಳಿಸಿದ್ದು ಈ ಉಪ್ಪು ಸಕ್ಕರೆಯ ನೀರಿನಿಂದ. ಆದರೆ ಆ ಮೂರಕ್ಷರದ ಹೆಸರು ಹೊತ್ತು, ಸಕ್ಕರೆ ಹೆಚ್ಚಿರುವ ಸಿಹಿ ಪಾನೀಯಗಳೂ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರಿನಲ್ಲಿ. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಪೊಟ್ಟಣದ ಮೇಲೆ ಬರೆದಿದೆಯೇ ಎಂದು ನೋಡುವುದು ಒಳಿತು. ಪೊಟ್ಟಣ ಸಿಗದ ಕಡೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇಷ್ಟೆಲ್ಲ ಏರ್ಪಾಟಿನ ನಡುವೆ ಮಕ್ಕಳನ್ನೇ ಯಾರೂ ಏನೂ ಕೇಳುವುದಿಲ್ಲ. ಎಲ್ಲಿಗೆ, ಎಷ್ಟು ಹೊತ್ತು, ಎಲ್ಲಿ ಇಳಿಯುತ್ತೇವೆ ಎಂಬುದನ್ನು ತಿಳಿಸದೆ ಅವರನ್ನೂ ಗಂಟಿನಂತೆಯೇ ಹೇರುತ್ತೇವೆ. ದೇವನೂರೆಂದರೆ ಲಕ್ಷ್ಮೀಶನ ನೆನಪು. ವಾರ್ಧಕ ಷಟ್ಪದಿಯ ಅವನ ಜೈಮಿನಿ ಭಾರತದಲ್ಲಿ ಯಾಗದ ಕುದುರೆಯ ಬೆನ್ನುಹತ್ತಿ ಅರ್ಜುನ ದೇಶ ಸುತ್ತುವ ಕಥೆಯೊಳಗೆ ಸೀತಾ ಪರಿತ್ಯಾಗದ ಕಥೆಯೂ ಸೇರಿದೆ. ಆ ಪ್ರಸಂಗವಿರುವ ವಾಲ್ಮೀಕಿಯ ಉತ್ತರಕಾಂಡದಲ್ಲೊಂದು ಸಣ್ಣ ವಿವರವುಂಟು. ಆಶ್ರಮಗಳನ್ನು ನೋಡಿಬರಲು ಹೋಗುತ್ತಿದ್ದೇನೆಂದೇ ನಂಬಿದ ತುಂಬು ಗರ್ಭಿಣಿ ಸೀತೆ ಮುನಿಪತ್ನಿಯರಿಗೆ ಕೊಡಲೆಂದು ಬೆಲೆಬಾಳುವ ವಸ್ತ್ರಗಳನ್ನೂ ಆಭರಣಗಳನ್ನೂ ತೆಗೆದುಕೊಂಡು ಸಂಭ್ರಮದಿಂದ ರಥವೇರುತ್ತಾಳೆ. ಎಲ್ಲಿಗೆಂದು ನಿಜವಾಗಿ ಗೊತ್ತಿದ್ದದ್ದು ಜೊತೆಯಲ್ಲಿ ಬಂದ ಲಕ್ಷ್ಮಣನಿಗೆ. ಪ್ರಯಾಣದ ನಿಜ ತಿಳಿಯದವರು ಕಟ್ಟಿದ ಗಂಟು ಎಷ್ಟು ದಾರುಣವಾಗಬಲ್ಲದು! ನಮ್ಮ ರಜೆಯ ಪ್ರವಾಸಕ್ಕೆ ಅಂಥ ದುರಂತದ ಹೋಲಿಕೆ ಅತಿಯಾಯಿತೆಂದು ಓದುಗರು ಗದರಬಹುದು. ಆದರೂ ಮಕ್ಕಳ ಮುಂದೆ ಭೂಪಟ ಹರಡಿ ದಾರಿ ತೋರಿಸುವುದಕ್ಕೆ ಖರ್ಚೇನೂ ಇಲ್ಲ. ಅರಸೀಕೆರೆಯಲ್ಲಿ ತಿಂಡಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ಎಂದು ಗೊತ್ತಿದ್ದ ಮಗು "ಇನ್ನೆಷ್ಟು ದೂರ?" ಎಂದು ಕೇಳುವುದನ್ನು ಕಡಿಮೆ ಮಾಡುತ್ತದೆ. ಶಾಲೆಯ ಚೀಲದಷ್ಟೇ ದೊಡ್ಡದೊಂದು ಚೀಲ ಕೊಟ್ಟು, ಅದರಲ್ಲಿ ಹಿಡಿಸುವಷ್ಟನ್ನು ನೀನೇ ಆರಿಸು ಎನ್ನಬೇಕು. ಐದು ವರ್ಷದ ಹುಡುಗಿ ಒಂದೇ ಚಪ್ಪಲಿಯನ್ನೂ ಮುರಿದ ಬಣ್ಣದ ಕಡ್ಡಿಗಳನ್ನೂ ತುಂಬಿಕೊಂಡರೆ ನಗಬಾರದು. ತಾಯಿ ತುಂಬಿದ ಆಟದ ಸಾಮಾನು ತಿಪಟೂರಿಗೇ ಬೇಸರ ತರಿಸುತ್ತದೆ. ಅವಳೇ ಆರಿಸಿಕೊಂಡ ಕಡ್ಡಿಗಳು ಉಡುಪಿಯವರೆಗೂ ಬರುತ್ತವೆ.

ಇನ್ನು ಹಿಂದಿರುಗುವ ದಾರಿ. ಹೋಗುವಾಗ ಅಚ್ಚುಕಟ್ಟಾಗಿದ್ದ ಕಾರು ಬರುವಾಗ ಹಾಗಿರುವುದಿಲ್ಲ. ದೇವನೂರಿನ ನಂಟರು ಹತ್ತು ತೆಂಗಿನಕಾಯಿ, ಅರ್ಧ ಮೂಟೆ ರಾಗಿ ಕೊಡದೆ ಕಳುಹಿಸುವುದಿಲ್ಲ; ಬೇಡವೆಂದರೆ ಮುನಿಸಿಕೊಳ್ಳುತ್ತಾರೆ. ಚಿಕ್ಕಮಗಳೂರಿನ ಕಾಫಿಪುಡಿ, ಕರಾವಳಿಯ ಹಲಸಿನ ಹಪ್ಪಳ ಬೇರೆ. ಬೂಸ್ಟರ್ ಆಸನವನ್ನು ಮಡಚಿ ಡಿಕ್ಕಿಗೆ ತಳ್ಳಿ, ಆ ಜಾಗದಲ್ಲಿ ರಾಗಿ ಮೂಟೆ ಕೂರಿಸುವ ಆಸೆ ಹುಟ್ಟುವುದು ಆಗಲೇ. ಅದಕ್ಕೇ ಬೆಂಗಳೂರಿನಿಂದ ಹೊರಡುವಾಗಲೇ ಡಿಕ್ಕಿಯಲ್ಲಿ ಒಂದು ಮೂಟೆಯ ಜಾಗವನ್ನು ಖಾಲಿ ಬಿಟ್ಟುಕೊಂಡು ಹೊರಡಬೇಕು. ಉಳಿದ ತೆಂಗಿನಕಾಯಿಗಳು ಕಡೂರಿನಿಂದ ಬರುವ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬರಲಿ.