ಋತುಬಂಧದ ಸಂಶೋಧನೆ: ‘ಪ್ರಭಾವ’ದ ಅಂಕಿ ಏನು ಹೇಳುತ್ತದೆ?

‘ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ...’ ಎಂದು ಆರಂಭವಾಗುವ ಸುದ್ದಿಗಳನ್ನು ನೀವು ಓದಿರುತ್ತೀರಿ. ಅದನ್ನು ಓದಿ ಕೆಲವರು ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಅಂದೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ವೈದ್ಯರನ್ನು ಕೇಳದೆ ಹೊಸ ಮಾತ್ರೆ ಕೊಂಡು ತರುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರಲ್ಲಿ ಇಂತಹ ಗೊಂದಲ ಸಾಮಾನ್ಯ. ಹಾಗಾದರೆ ಒಂದು ಪತ್ರಿಕೆ ‘ಪ್ರಸಿದ್ಧ’ ಎಂದು ಹೇಳುವುದು ಯಾವ ಆಧಾರದ ಮೇಲೆ?

ಸತತವಾಗಿ 12 ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತೇವೆ. ಇದು ರೋಗವಲ್ಲ. ಆದರೆ ಈಸ್ಟ್ರೊಜನ್ ಹಾರ್ಮೋನು ಕಡಿಮೆಯಾಗುವುದರಿಂದ ಮೈಯೆಲ್ಲ ಒಮ್ಮೆಲೇ ಬಿಸಿಯೇರಿ ಬೆವರುವುದು, ನಿದ್ರೆ ಕೆಡುವುದು, ಯೋನಿ ಒಣಗುವುದು, ಮೂಳೆ ಸವೆಯುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳಬಹುದು. ಈ ವಿಷಯಕ್ಕೆಂದೇ ಮೀಸಲಾದ ಪತ್ರಿಕೆಗಳಿವೆ. ‘ಮೆಚುರಿಟಾಸ್’ 1978ರಲ್ಲಿ, ‘ಮೆನೋಪಾಸ್’ 1994ರಲ್ಲಿ, ‘ಕ್ಲೈಮ್ಯಾಕ್ಟರಿಕ್’ 1998ರಲ್ಲಿ ಆರಂಭವಾದವು. ನಮ್ಮ ದೇಶದ ಇಂಡಿಯನ್ ಮೆನೋಪಾಸ್ ಸೊಸೈಟಿಯೂ ‘ಜರ್ನಲ್ ಆಫ್ ಮಿಡ್‌ಲೈಫ್ ಹೆಲ್ತ್’ ಎಂಬ ಪತ್ರಿಕೆಯನ್ನು ಹೊರತರುತ್ತದೆ. ಇಂತಹ ಪತ್ರಿಕೆಗಳಿಗೆ ಬಂದ ಲೇಖನವನ್ನು ಅದೇ ವಿಷಯದ ಇತರ ತಜ್ಞರು ಪರಿಶೀಲಿಸಿದ ನಂತರವೇ ಪ್ರಕಟಿಸಲಾಗುತ್ತದೆ.

ಲೆಕ್ಕ ಹೇಗೆ?

ಪತ್ರಿಕೆಯ ಪ್ರಭಾವವನ್ನು ಅಳೆಯಲು ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಂಕಿಯನ್ನು ಬಳಸುತ್ತಾರೆ. ಇದರ ಕಲ್ಪನೆಯನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಲೆಕ್ಕ ಸರಳವಾದುದು. ಒಂದು ಪತ್ರಿಕೆ 2022 ಮತ್ತು 2023ರಲ್ಲಿ ಒಟ್ಟು 200 ಲೇಖನಗಳನ್ನು ಪ್ರಕಟಿಸಿತು ಎಂದುಕೊಳ್ಳಿ. 2024ರಲ್ಲಿ ಇತರ ಸಂಶೋಧಕರು ಅವುಗಳನ್ನು 800 ಬಾರಿ ಉಲ್ಲೇಖಿಸಿದರೆ, 800ನ್ನು 200ರಿಂದ ಭಾಗಿಸಬೇಕು. ಆಗ ಬರುವ 4 ಎಂಬುದೇ ಆ ಪತ್ರಿಕೆಯ 2024ರ ಅಂಕಿ.

ಆದರೆ ಇದು ಸರಾಸರಿ ಮಾತ್ರ. ಕೆಲವೇ ಲೇಖನಗಳು ಬಹುಪಾಲು ಉಲ್ಲೇಖಗಳನ್ನು ಗಳಿಸಿ, ಉಳಿದವು ಯಾರ ಗಮನಕ್ಕೂ ಬಾರದೆ ಹೋಗಿರಬಹುದು. ‘ಈ ಲೇಖನ ತಪ್ಪು’ ಎಂದು ಯಾರಾದರೂ ಬರೆದರೂ ಅದು ಒಂದು ಉಲ್ಲೇಖವಾಗಿಯೇ ಲೆಕ್ಕಕ್ಕೆ ಸೇರುತ್ತದೆ! ಅಂದರೆ ಈ ಅಂಕಿ ತಿಳಿಸುವುದು ಎಷ್ಟು ಚರ್ಚೆಯಾಯಿತು ಎಂಬುದನ್ನು. ಫಲಿತಾಂಶ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನಲ್ಲ.

2002ರ ಪಾಠ

ಇದಕ್ಕೊಂದು ಉದಾಹರಣೆ ನೋಡಿ. ಜುಲೈ 2002ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪ್ರತಿಷ್ಠಿತ ಪತ್ರಿಕೆಯಲ್ಲಿ 16,608 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಭಯಗೊಂಡ ಲಕ್ಷಾಂತರ ಮಹಿಳೆಯರು ಚಿಕಿತ್ಸೆಯನ್ನೇ ಬಿಟ್ಟರು.

ಈ ಶೇ. 26 ಎಂದರೆ ಎಷ್ಟು? ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಇದ್ದ ಪ್ರಕರಣಗಳು 38 ಆದವು, ಅಷ್ಟೆ. ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಯೂ ಸ್ವಲ್ಪ ಹೆಚ್ಚಿದವು. ಸೊಂಟದ ಮೂಳೆ ಮುರಿತ ಕಡಿಮೆಯಾಯಿತು. ಮುಖ್ಯವಾಗಿ, ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಈಗಷ್ಟೇ ಮುಟ್ಟು ನಿಂತ 48ರ ಗೃಹಿಣಿಗೂ ಅದೇ ಮಾತು ಹೊಂದುತ್ತದೆಂದು ಹೇಳಲಾಗದು. ನಂತರ ವಯಸ್ಸಿಗೆ ತಕ್ಕಂತೆ ಮತ್ತೆ ಪರಿಶೀಲನೆ ನಡೆಯಿತು. 60ಕ್ಕಿಂತ ಕಡಿಮೆ ವಯಸ್ಸಿನ ಅಥವಾ ಮುಟ್ಟು ನಿಂತು 10 ವರ್ಷ ಮೀರದ ಆರೋಗ್ಯವಂತ ಮಹಿಳೆಯರಲ್ಲಿ, ಮೈ ಬಿಸಿಯೇರುವಿಕೆ ತೀವ್ರವಾಗಿದ್ದರೆ, ಈ ಚಿಕಿತ್ಸೆಯಿಂದ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂದು ಉತ್ತರ ಅಮೆರಿಕದ ಋತುಬಂಧ ಸಂಘ 2022ರಲ್ಲಿ ಹೇಳಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಆದವರಿಗೆ, ರಕ್ತ ಹೆಪ್ಪುಗಟ್ಟುವ ಅಥವಾ ಯಕೃತ್ತಿನ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಇದು ಸಲ್ಲದು.

ನೀವು ಕೇಳಬೇಕಾದ ಪ್ರಶ್ನೆಗಳು

ಇಂತಹ ಸುದ್ದಿಯನ್ನು ಓದಿದಾಗ ಕೇಳಿಕೊಳ್ಳಿ: ಅಧ್ಯಯನದಲ್ಲಿದ್ದವರ ವಯಸ್ಸೇನು? ಯಾವ ಔಷಧಿ, ಎಷ್ಟು ಕಾಲ? ಅಪಾಯ ಹೆಚ್ಚಿದ್ದು ಎಷ್ಟು ಜನರಲ್ಲಿ ಎಷ್ಟು ಮಂದಿಗೆ? ಸುದ್ದಿಯ ತುಣುಕನ್ನು ಕತ್ತರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ಔಷಧಿ ಆರಂಭಿಸುವುದೂ ಬೇಡ, ನಿಲ್ಲಿಸುವುದೂ ಬೇಡ.

ಇನ್ನೊಂದು ಮಾತು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಸ್ವಲ್ಪವೇ ರಕ್ತ ಕಾಣಿಸಿಕೊಂಡರೂ ನಾಚಿಕೆಯಿಂದ ಮುಚ್ಚಿಡಬೇಡಿ. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಲಕ್ಷಣವೂ ಆಗಿರಬಹುದು. ಕೂಡಲೇ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಮನೆಯವರೂ ಇದನ್ನು ನೆನಪಿನಲ್ಲಿಡಬೇಕು.