ತಾತನ ತುಪಾಕಿಗೆ ಏನೇನು ಜೋಡಿಸಬಹುದು?

ನಮ್ಮ ಕೋಲಾರ ಜಿಲ್ಲೆಯಲ್ಲಿ ಪಂಪ್ ಅಂದರೆ ಕೊಳವೆ ಬಾವಿಯ ಪಂಪು, ಬೋರ್ ಅಂದರೆ ಸಾವಿರ ಅಡಿ ಕೊರೆಸಿದರೂ ನೀರು ಬಾರದ ತೂತು. ಅಂಥ ಊರಿನ ಹುಡುಗರ ಬಾಯಲ್ಲಿ ಈಗ '12 ಬೋರ್ ಪಂಪ್ ಆಕ್ಷನ್' ಅನ್ನೋ ಮಾತು ಓಡಾಡುತ್ತಿದೆ. ಕಾರಣ ಮೊಬೈಲ್. ಅಂಥ ಒಂದು ವಿಡಿಯೊವನ್ನು ಕೈತಪ್ಪಿ ಒತ್ತಿದರೂ ಸಾಕು, ಮಾರನೇ ದಿನದಿಂದ ಅವೇ ಸಾಲುಸಾಲಾಗಿ ಬರುತ್ತವೆ. ಯಾರೋ ಗಡ್ಡದ ಅಮೆರಿಕನ್ ಮೇಜಿನ ಮೇಲೆ ಬಂದೂಕು ಮಲಗಿಸಿ ಮರದ ಹಿಡಿ ಬಿಚ್ಚುತ್ತಾನೆ, ಕಪ್ಪು ಪ್ಲಾಸ್ಟಿಕ್ ಹಿಡಿ ಹಾಕುತ್ತಾನೆ. ಪಕ್ಕಕ್ಕೆ ತೋಟಾ ಸಿಕ್ಕಿಸುವ ಪಟ್ಟಿ, ಕೆಳಗೆ ಟಾರ್ಚ್, ಮೇಲೆ ಕೆಂಪು ಚುಕ್ಕಿಯ ಗುರಿಗಾಜು. ಅರ್ಧ ಗಂಟೆಯಲ್ಲಿ ಬಾತುಕೋಳಿ ಹೊಡೆಯುವ ಬಂದೂಕು ಸಿನಿಮಾ ವಿಲನ್ನಿನ ಬಂದೂಕಾಗುತ್ತದೆ. ನಮ್ಮ ಹುಡುಗರು ಹಳೇ ಬೈಕಿಗೆ ಹ್ಯಾಂಡಲ್ಲು, ಸೈಲೆನ್ಸರು ಬದಲಾಯಿಸುತ್ತಾರಲ್ಲ, ಹಾಗೇ.

ನನ್ನ ದೊಡ್ಡಪ್ಪನ ಮಗ ಅಣ್ಣನಿಗೂ ಇದೇ ಹುಚ್ಚು. ಆದರೆ ಅವನದು ಬರೀ ನೋಡುವ ಹುಚ್ಚಲ್ಲ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ನಿಜವಾಗಿಯೂ ಒಂದು ತುಪಾಕಿ ಇದೆ. ಎರಡು ನಳಿಗೆಯ 12 ಬೋರ್, ಲೈಸೆನ್ಸು ತಾತನ ಹೆಸರಲ್ಲಿ. ತಾತನಿಗೆ ಎಪ್ಪತ್ನಾಲ್ಕು ದಾಟಿದೆ, ಬಲ ಭುಜ ನೋವು. ಲೈಸೆನ್ಸು ಇನ್ನು ಯಾರಿಗೆ ಎನ್ನುವ ಮಾತು ಮನೆಯಲ್ಲಿ ಎದ್ದಿದೆ. "ನನ್ನ ಹೆಸರಿಗೆ ಬರಲಿ, ಹಳೇದು ಕೊಟ್ಟು ಪಂಪ್ ಆಕ್ಷನ್ ತಗೊಂಡು ಎಲ್ಲಾ ಫಿಟಿಂಗ್ ಮಾಡಿಸ್ತೀನಿ" ಅನ್ನುತ್ತಾನೆ ಅಣ್ಣ. "ಫಿಟಿಂಗ್ ಮಾಡ್ಸಕ್ಕೆ ಅದೇನು ಟ್ರ್ಯಾಕ್ಟರೇನಪ್ಪಾ?" ಅನ್ನುತ್ತಾರೆ ತಾತ. ಇವರಿಬ್ಬರ ನಡುವೆ ಕೂತು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 12 ಬೋರ್ ಅಂದರೇನು? ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳಗೂ ಅಷ್ಟೇ ಅಗಲ, ಸುಮಾರು 18.5 ಮಿಲಿಮೀಟರ್. ಹಳೇ ಕಾಲದ ಇಂಗ್ಲಿಷರ ಲೆಕ್ಕ, ಹಾಗೇ ಉಳಿದುಬಿಟ್ಟಿದೆ. ಒಳಗೆ ರೈಫಲ್ಲಿನಂತೆ ಸುರುಳಿ ಗೆರೆಗಳಿರುವುದಿಲ್ಲ, ನುಣುಪಾದ ಕೊಳವೆ. ತೋಟಾದ ಒಳಗಿನ ಸುಮಾರು 30 ಗ್ರಾಂ ಚರೆ ಒಟ್ಟಿಗೆ ಹೊರಟು, ದೂರ ಹೋದಂತೆ ಹರಡುತ್ತದೆ.

ಪಂಪ್ ಆಕ್ಷನ್ ಅಂದರೆ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುವುದು. ಎಳೆದಾಗ ಖಾಲಿ ತೋಟಾ ಹೊರಗೆ ಹಾರುತ್ತದೆ. ತಳ್ಳಿದಾಗ ನಳಿಗೆಯ ಕೆಳಗಿನ ಕೊಳವೆಯಿಂದ ಹೊಸದು ಬಂದು ಕೂರುತ್ತದೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1897 ಹೆಸರಾಯಿತು, 1950ರಲ್ಲಿ ರೆಮಿಂಗ್ಟನ್ 870 ಬಂತು. ಆ 870 ಒಂದೇ ಮಾದರಿ 2009ರ ಹೊತ್ತಿಗೆ ಒಂದು ಕೋಟಿ ದಾಟಿತ್ತು. ಅಣ್ಣ ನೋಡುವ ವಿಡಿಯೊಗಳ ಗುಟ್ಟು ಇಲ್ಲೇ ಇದೆ. ಒಂದು ಕೋಟಿ ಜನರ ಹತ್ತಿರ ಒಂದೇ ಅಳತೆಯ ಬಂದೂಕು ಇದ್ದರೆ, ಅದಕ್ಕೆ ಹಿಡಿ, ಪಟ್ಟಿ, ಗುರಿಗಾಜು ಮಾಡಿ ಮಾರುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಸ್ಪ್ಲೆಂಡರ್ ಬೈಕಿನ ಬಿಡಿಭಾಗ ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲೂ ಸಿಗುತ್ತದೆ, ದುಬಾರಿ ವಿದೇಶಿ ಬೈಕಿನದು ಸಿಗುವುದಿಲ್ಲ. ಅದೇ ಲೆಕ್ಕ.

ನಮ್ಮಲ್ಲಿ ಆ ಪೇಟೆಯೇ ಇಲ್ಲ. ಸಾಮಾನ್ಯರು ವಿದೇಶಿ ಬಂದೂಕು ತರಿಸಿಕೊಳ್ಳುವುದು 1980ರ ದಶಕದಿಂದಲೇ ಹೆಚ್ಚುಕಡಿಮೆ ನಿಂತುಹೋಗಿದೆ. ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಗಳು 12 ಬೋರ್ ಪಂಪ್ ಆಕ್ಷನ್ ಮಾಡುತ್ತವೆ, ನಿಜ. ಆದರೆ ಹಳ್ಳಿಯ ಮನೆಗಳಲ್ಲಿರುವುದು ಹೆಚ್ಚಾಗಿ ಒಂಟಿ ನಳಿಗೆ, ಜೋಡಿ ನಳಿಗೆ, ಇಲ್ಲವೇ ಬಾಯಿಯಿಂದ ಮದ್ದು ತುಂಬುವ ಹಳೇ ನಾಡ ಬಂದೂಕು. ಒಂದರ ಹಿಡಿ ಇನ್ನೊಂದಕ್ಕೆ ಕೂರುವುದಿಲ್ಲ.

ಇನ್ನು ಕಾನೂನು. ಅಣ್ಣನಿಗೆ ಬೇಸರವಾದದ್ದು ಇಲ್ಲಿಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಒಂದು ಅಳತೆ ಇದೆ: 20 ಇಂಚು. ನುಣುಪು ನಳಿಗೆಯ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳುವವರಿಗೆ ಲೈಸೆನ್ಸು ಕೊಡುವ ಮಾತು ಬರುವ ಕಡೆ, ನಳಿಗೆ 20 ಇಂಚಿಗೆ ಕಡಿಮೆ ಇರಬಾರದು ಎಂದಿದೆ. ಬೆಳೆ ರಕ್ಷಣೆಗೆ ಅಂತ ಅಲ್ಲಿ ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅಪ್ಪಣೆ ಇಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು 6ನೇ ಸೆಕ್ಷನ್ನಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದೂ ಆಗಲೇ ಅದೇ ಸೆಕ್ಷನ್ನಿಗೆ ಸೇರಿತು. ಸದ್ದು ಅಥವಾ ಬೆಂಕಿಯ ಮಿಂಚು ಅಡಗಿಸುವ ಸಾಮಾನನ್ನು ಕಾಯ್ದೆ ಬಿಡಿಭಾಗ ಎಂದು ನೋಡುವುದೇ ಇಲ್ಲ, ಅದನ್ನೇ ಬಂದೂಕು ಎಂದು ಎಣಿಸುತ್ತದೆ. ರಿಪೇರಿಗೂ ಲೈಸೆನ್ಸು ಇರುವವರೇ ಬೇಕು. ಊರಿನ ವೆಲ್ಡಿಂಗ್ ಶಾಪಿಗೆ ಕೊಟ್ಟರೆ ಕೊಟ್ಟವರೂ ಸಿಕ್ಕಿಕೊಳ್ಳುತ್ತಾರೆ, ಮಾಡಿದವರೂ ಸಿಕ್ಕಿಕೊಳ್ಳುತ್ತಾರೆ.

ಹಾಗಾದರೆ ಏನು ಉಳಿಯಿತು? ಬಹಳ ಕಡಿಮೆ. ಹೆಗಲಿಗೆ ಹಾಕುವ ಪಟ್ಟಿ, ಹಿಡಿಯ ಹಿಂಬದಿಗೆ ಮೆತ್ತೆ, ತೋಟಾ ಇಡುವ ಸೊಂಟದ ಬೆಲ್ಟು. ಈ ಮೆತ್ತೆಯ ಕಥೆ ಸ್ವಲ್ಪ ಹೇಳಲೇಬೇಕು. ಈಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಬಂದೂಕು ಹಗುರವಾದಷ್ಟೂ ಒದೆತ ಜೋರು. ಅಂದರೆ ಮರದ ಹಿಡಿ ತೆಗೆದು ಹಗುರ ಪ್ಲಾಸ್ಟಿಕ್ ಹಾಕಿಸಿದರೆ ಚೆಂದ ಕಾಣಬಹುದು, ಭುಜ ಮಾತ್ರ ಬೈಯುತ್ತದೆ. ಹಿಂದಿನ ಹಿಡಿಯನ್ನೇ ಕಿತ್ತು ಪಿಸ್ತೂಲಿನಂತೆ ಬರೀ ಮುಷ್ಟಿಯಲ್ಲಿ ಹಿಡಿಯುವಂತೆ ಮಾಡುತ್ತಾರಲ್ಲ, ಅದರಲ್ಲಿ ಗುರಿಯೂ ನಿಲ್ಲುವುದಿಲ್ಲ, ಮಣಿಕಟ್ಟೂ ಉಳಿಯುವುದಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ ಕೂಡ 12 ಬೋರಿನ ಆಟವೇ. ಆ ಆಟದವರು ಬಂದೂಕಿನಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಹಿಡಿಯ ಉದ್ದ, ಕೆನ್ನೆ ಊರುವ ಎತ್ತರದ ಬಗ್ಗೆ. ದರ್ಜಿ ಅಂಗಿ ಹೊಲಿದಂತೆ ಅದು ಮೈಗೆ ಕೂರಬೇಕು.

ತಾತನ ಭುಜಕ್ಕೆ ಮೆತ್ತೆ ಮಾಡಿಸಿದ್ದು ಮುಳಬಾಗಿಲಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬರ ಹತ್ತಿರ. ಬಂದೂಕು ಒಯ್ಯಲಿಲ್ಲ. ಹಿಡಿಯ ಹಿಂಬದಿಯನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ರಟ್ಟು ಕತ್ತರಿಸಿ ಒಯ್ದೆವು. ಅವರು ಟೈರಿನ ರಬ್ಬರ್ ಎರಡು ಪದರ ಇಟ್ಟು, ಮೇಲೆ ಚರ್ಮದ ಟೋಪಿ ಹೊಲಿದು, ಸರಕ್ಕನೆ ತೊಡಿಸಿ ತೆಗೆಯುವಂತೆ ಮಾಡಿಕೊಟ್ಟರು. ಯಾವ ಬಂದೂಕಿಗೆ ಎಂದು ಕೇಳಲೂ ಇಲ್ಲ. ನಮ್ಮ ಮನೆಯ ಇಡೀ 'ಕಸ್ಟಮೈಸೇಷನ್' ಇಷ್ಟೇ.

ಇನ್ನೊಂದು ಪ್ರಯೋಗ ನಾನು ಹುಟ್ಟುವ ಮುಂಚೆಯೇ ನಡೆದಿತ್ತಂತೆ. ಚಿಕ್ಕಪ್ಪ ಸೈಕಲ್ ಟ್ಯೂಬಿನಿಂದ ನಳಿಗೆಗೆ ಟಾರ್ಚು ಕಟ್ಟಿದ್ದರು. ಮೊದಲ ಈಡಿಗೇ ಬಲ್ಬಿನ ತಂತಿ ಹರಿದು ಕತ್ತಲೆ. ಈಗಿನ ಎಲ್‌ಇಡಿ ಹಾಗೆಲ್ಲ ಕೆಡುವುದಿಲ್ಲ ಎಂದು ಅಣ್ಣನ ವಾದ. ಆದರೆ ತಾತ ಬೇಡ ಅನ್ನುವುದು ಬಲ್ಬಿಗಾಗಿ ಅಲ್ಲ. ಟಾರ್ಚು ಬಂದೂಕಿನ ಮೇಲಿದ್ದರೆ ಏನು ನೋಡಬೇಕಾದರೂ ಬಂದೂಕನ್ನೇ ಆ ಕಡೆ ತಿರುಗಿಸಬೇಕು. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರುವುದೇ ರಾತ್ರಿ. ಮಧ್ಯರಾತ್ರಿ ತೋಟದಲ್ಲಿ ಸರಿದಾಡುವುದು ಹಂದಿಯೇ ಆಗಬೇಕಿಲ್ಲ, ಮೋಟರ್ ಹಾಕಲು ಬಂದ ಪಕ್ಕದ ಹೊಲದವರೂ ಆಗಿರಬಹುದು. ಟಾರ್ಚು ಎಡಗೈಯಲ್ಲಿ, ತುಪಾಕಿ ಹೆಗಲಲ್ಲಿ. ಇದು ತಾತನ ಕಟ್ಟಪ್ಪಣೆ.

ಬಂದೂಕಿಗೆ ಜೋಡಿಸುವ ವಸ್ತುಗಳೆಲ್ಲ ಬಲ ಹೆಚ್ಚಿಸಲೆಂದೇ ಬಂದವೆಂದು ನಾನು ಅಂದುಕೊಂಡಿದ್ದೆ. ಅಮೆರಿಕದಲ್ಲಿ 1935ರಿಂದ ವಲಸೆ ಬಾತುಕೋಳಿ ಬೇಟೆಗೆ ಹೋಗುವವರು ತೋಟಾ ಕೊಳವೆಯೊಳಗೆ ಒಂದು ಬೆಣೆ ಹಾಕಬೇಕು, ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ. ಹಕ್ಕಿಗಳ ಸಂಖ್ಯೆ ಕುಸಿದಾಗ ತಂದ ನಿಯಮ ಅದು. ಕಾಶ್ಮೀರದಲ್ಲಿ 2016ರಲ್ಲಿ ಪಂಪ್ ಆಕ್ಷನ್ ಪೆಲೆಟ್ ಗನ್ನುಗಳಿಂದ ಎಷ್ಟೋ ಯುವಕರ ಕಣ್ಣು ಹೋದವು. ಮರುವರ್ಷ ಸಿಆರ್‌ಪಿಎಫ್ ನಳಿಗೆಯ ಬಾಯಿಗೆ ಚರೆ ಮೇಲಕ್ಕೆ ಹಾರದಂತೆ ತಡೆಯುವ ಒಂದು ಭಾಗ ಜೋಡಿಸಿತು. ಇಂಥವೂ ಬಿಡಿಭಾಗಗಳೇ. ಅಣ್ಣನ ಮೊಬೈಲಿಗೆ ಇವುಗಳ ವಿಡಿಯೊ ಬರುವುದಿಲ್ಲ ಅಷ್ಟೇ.

ಇಷ್ಟಕ್ಕೂ ನಮಗೆ ಬಂದೂಕು ಯಾಕೆ? ಕಾಡುಹಂದಿ. ಮುಳಬಾಗಿಲು ಕಡೆ ಕಡಲೆಕಾಯಿ ಕಿತ್ತು ತಿನ್ನುತ್ತವೆ, ನಮ್ಮ ಕಡೆ ಉದುರಿದ ಮಾವಿನ ಜತೆಗೆ ಹನಿ ನೀರಾವರಿ ಪೈಪನ್ನೂ ಎಬ್ಬಿಸುತ್ತವೆ. ಕೋತಿಗಳ ಕಾಟ ಬೇರೆ. ಮಾಲೂರಿನ ನನ್ನ ಗೆಳೆಯನ ಊರಿಗೆ ತಮಿಳುನಾಡು ಗಡಿ ದಾಟಿ ಆನೆಗಳೇ ಬರುತ್ತವೆ, ಅಲ್ಲಿ ಅರಣ್ಯ ಇಲಾಖೆಗೆ ಫೋನು ಮಾಡಿ ಬಾಗಿಲು ಹಾಕಿಕೊಳ್ಳುವುದೇ ಕೆಲಸ. ಬಂದೂಕಿನ ಲೈಸೆನ್ಸು ಇದೆ ಎಂದ ಮಾತ್ರಕ್ಕೆ ಪ್ರಾಣಿ ಹೊಡೆಯುವಂತಿಲ್ಲ. ಅಪ್ಪಣೆ ಇಲ್ಲದೆ ಹಂದಿ ಹೊಡೆದರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆಯೇ. ಪಕ್ಕದ ಕೇರಳದಲ್ಲಿ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿಗಳಿಗೆ ಕೊಟ್ಟರು. ನಮ್ಮ ತಾತ ಗಾಳಿಗೆ ಒಂದು ಈಡು ಹಾರಿಸುತ್ತಾರೆ, ಹಂದಿ ಓಡುತ್ತದೆ, ಎರಡು ರಾತ್ರಿ ಬಿಟ್ಟು ಮತ್ತೆ ಬರುತ್ತದೆ. ಬರೀ ಸದ್ದಿಗೆ ಕೆಂಪು ಚುಕ್ಕಿಯ ಗುರಿಗಾಜು ಯಾಕೆ ಎಂದು ಕೇಳಿದರೆ ಅಣ್ಣನ ಹತ್ತಿರ ಉತ್ತರ ಇಲ್ಲ.

ಅದೂ ಬೇಕಾದ ಹೊತ್ತಿಗೆ ಬಂದೂಕು ಮನೆಯಲ್ಲಿ ಇರುವುದಿಲ್ಲ. 2023ರ ವಿಧಾನಸಭೆ ಚುನಾವಣೆಗೆ ನೀತಿಸಂಹಿತೆ ಮಾರ್ಚ್ 29ಕ್ಕೆ ಬಂತು, 2024ರ ಲೋಕಸಭೆಗೆ ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ನೀತಿಸಂಹಿತೆ ಬಂದರೆ ಬಂದೂಕು ಠೇವಣಿ ಇಡಬೇಕು. ಶ್ರೀನಿವಾಸಪುರದಲ್ಲಿ ಮಾವು ಬಲಿಯುವುದು, ಕೀಳುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ! ಯಾರ ಬಂದೂಕು ಇಡಿಸಿಕೊಳ್ಳಬೇಕು, ಯಾರದು ಬೇಡ ಎಂದು ಸ್ಕ್ರೀನಿಂಗ್ ಸಮಿತಿ ಒಂದೊಂದಾಗಿ ನೋಡಬೇಕು ಎಂದು ಚುನಾವಣಾ ಆಯೋಗದ ಸೂಚನೆಯಲ್ಲೇ ಇದೆ. ತಾತನಿಗೆ ಹೇಳಿದ್ದು ಮಾತ್ರ "ತಂದು ಇಟ್ಟು ರಸೀದಿ ತಗೊಂಡು ಹೋಗಿ" ಎಂದಷ್ಟೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸೇ ಬೇಡವೆಂಬ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಅದನ್ನು ಕೇಳಿದಾಗಲೆಲ್ಲ ನಮ್ಮೂರಿನವರು ಸ್ವಲ್ಪ ಹೊಟ್ಟೆ ಉರಿದುಕೊಳ್ಳುತ್ತಾರೆ.

ಬಂದೂಕು ಠೇವಣಿಯಲ್ಲಿದ್ದ ಆ ಎರಡೂವರೆ ತಿಂಗಳು ಊರಿನಲ್ಲಿ ನಡೆದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಯಾರೋ ಹಂದಿಗೆಂದು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಟ್ಟಿದ್ದರು. ಕಚ್ಚಿದ್ದು ಹಸು. ದವಡೆ ಛಿದ್ರವಾಗಿ ಮೇವು ತಿನ್ನಲಾಗದೆ ನಾಲ್ಕು ದಿನ ನಿಂತೇ ಇದ್ದು ಸತ್ತಿತು. ಆ ಹಸುವಿನ ಮನೆಯವರು ಇವತ್ತಿಗೂ ಯಾರ ಮೇಲೂ ದೂರು ಕೊಟ್ಟಿಲ್ಲ, ಇಟ್ಟವರು ಯಾರೆಂದು ಎಲ್ಲರಿಗೂ ಗೊತ್ತಿದ್ದರೂ. ಹುಡುಗರು ಪಿವಿಸಿ ಪೈಪಿನ ಕಾರ್ಬೈಡ್ ಗನ್ ಮಾಡಿಕೊಂಡರು, ಕೋತಿ ಓಡಿಸಲು. ಸದ್ದೇನೋ ಬರುತ್ತದೆ. ಹೊತ್ತಿಕೊಳ್ಳದಿದ್ದಾಗ ಪೈಪಿನೊಳಗೆ ಇಣುಕಿ ನೋಡುತ್ತಾರೆ, ಅಷ್ಟು ಹೊತ್ತಿಗೆ ಅದು ಸಿಡಿಯುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲ್ ಸುತ್ತಮುತ್ತ ಇದೇ ಆಟಿಕೆಯಿಂದ ನೂರಾರು ಜನರ, ಹೆಚ್ಚಾಗಿ ಮಕ್ಕಳ, ಕಣ್ಣಿಗೆ ಗಾಯವಾಯಿತು. ಲೈಸೆನ್ಸು ಬೇಕಾದ ಬಂದೂಕು ಬೀಗದಲ್ಲಿ, ಲೈಸೆನ್ಸೇ ಇಲ್ಲದ ಮದ್ದು ಬೇಲಿಯಲ್ಲಿ. ಇದನ್ನು ಯಾರು ಸರಿಮಾಡಬೇಕೋ ನನಗಂತೂ ತಿಳಿಯದು.

ಲೈಸೆನ್ಸಿನ ವಿಷಯಕ್ಕೆ ಬಂದರೆ, 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾದರೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷವಾದರೆ, ಅವರು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ತಾತನಿಗೆ ಎರಡೂ ಆಗಿದೆ. ವಾರಸುದಾರನಿಗೆ 21 ತುಂಬಿರಬೇಕು, ಸುರಕ್ಷತಾ ತರಬೇತಿ ಆಗಿರಬೇಕು, ಪೊಲೀಸ್ ವರದಿ ಬರಬೇಕು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಪೊಲೀಸರು ಆಗಾಗ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಅಣ್ಣ ಅಂಥದ್ದೊಂದಕ್ಕೆ ಹೆಸರು ಕೊಟ್ಟಿದ್ದಾನೆ. ಕಾಗದಪತ್ರವೂ ಸಿದ್ಧವಿದೆ, ತಾತನ ಸಹಿ ಒಂದು ಬಾಕಿ.

ತಾತ ಸಹಿಗೆ ಒಂದು ಷರತ್ತು ಹಾಕಿದ್ದಾರೆ. ಈ ಮಾವಿನ ಫಸಲು ಮುಗಿಯುವವರೆಗೆ ಅಣ್ಣ ತೋಟದ ಗುಡಿಸಲಲ್ಲಿ ರಾತ್ರಿ ಕಾವಲು ಮಲಗಬೇಕು, ಬಂದೂಕು ಇಲ್ಲದೆ. ಒಂದು ತಗಡಿನ ಡಬ್ಬ, ಒಂದು ಕೋಲು, ಎಡಗೈಗೆ ಟಾರ್ಚು. "ಸದ್ದು ಕೇಳಿದ ತಕ್ಷಣ ಅದು ಹಂದಿಯೋ ಮನುಷ್ಯನೋ ಹೇಳೋದು ಕಲೀಲಿ, ಆಮೇಲೆ ನೋಡೋಣ" ಎಂದರು. ದೊಡ್ಡಮ್ಮ ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಾರೆ. ಅಣ್ಣನಿಗೆ ಮೊನ್ನೆಗೆ ಹನ್ನೊಂದು ರಾತ್ರಿ ಆಯಿತು. ಒಂಬತ್ತನೇ ರಾತ್ರಿ ಬಂದದ್ದು ಹಂದಿ ಎಂದುಕೊಂಡು ಡಬ್ಬ ಬಡಿದನಂತೆ. ಮೋಟರ್ ಹಾಕಲು ಹೊರಟಿದ್ದ ಪಕ್ಕದ ತೋಟದ ಮಾವ, ಚಪ್ಪಲಿ ಬಿಟ್ಟು ಓಡಿದರಂತೆ.