ಹೊರದೇಶದ ಸಂಬಂಧ: ನಿಕಾಹ್‌ಗೆ ಮುನ್ನ ಪೌರತ್ವದ ವಿಚಾರ



ಕರಾರುಗಳನ್ನು ಪೂರೈಸಬೇಕೆಂಬ ಸೂರಃ ಅಲ್ ಮಾಇದಃದ ಆಜ್ಞೆಯ ಕುರಿತು ಜುಮಾ ಖುತ್ಬಾ ನಡೆದ ದಿನ, ಗುತ್ತಲದ ಮಸೀದಿಯ ಅಂಗಳದಲ್ಲಿ ಒಬ್ಬ ತಂದೆ ನಮ್ಮ ಬಳಿ ಬಂದರು. ಅವರ ಮಗಳಿಗೆ ದುಬೈಯಿಂದ ಸಂಬಂಧ ಬಂದಿತ್ತು. ವರ ದೀನ್‌ದಾರ, ಒಳ್ಳೆಯ ನೌಕರಿಯವನು. ಆದರೆ ಅವನ ಪಾಸ್‌ಪೋರ್ಟ್ ಬೇರೆ ದೇಶದ್ದು. “ನಿಕಾಹ್ ಆದ ಮ್ಯಾಲೆ ನಮ್ಮ ಹುಡುಗಿ ಯಾವ ದೇಶದಾಕಿ ಆಗ್ತಾಳ್ರಿ?” ಎಂದು ಕೇಳಿದರು. ಗಲ್ಫ್‌ಗೆ ಹೋಗಿಬರುವ ನಮ್ಮ ಹಲವು ಮನೆಗಳಲ್ಲಿ ಈ ಪ್ರಶ್ನೆ ಇರುವುದರಿಂದ ಉತ್ತರವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ವರನನ್ನು ಆರಿಸುವಾಗ ದೀನ್ ಮತ್ತು ನಡತೆಯನ್ನು ನೋಡಲು ನಮಗೆ ಕಲಿಸಲಾಗಿದೆ. ದೇಶ ಬೇರೆ ಎಂಬುದು ನಿಕಾಹ್‌ಗೆ ಅಡ್ಡಿಯಲ್ಲ. ಆದರೆ ವೀಸಾ, ವಾಸ, ಮಕ್ಕಳ ಪೌರತ್ವ ಇವೆಲ್ಲ ನಡೆಯುವುದು ಆಯಾ ದೇಶದ ಕಾನೂನಿನ ಪ್ರಕಾರ. ಅದನ್ನು ಮೊದಲೇ ತಿಳಿಯುವುದು ಕೂಡ ಮಗಳ ಅಮಾನತ್ತನ್ನು ಕಾಯುವ ಕೆಲಸವೇ.

ನಿಕಾಹ್‌ನಿಂದ ಪೌರತ್ವ ಬದಲಾಗದು

1955ರ ಪೌರತ್ವ ಕಾಯ್ದೆಯಂತೆ, ವಿದೇಶಿಯನ್ನು ಮದುವೆಯಾದ ಮಾತ್ರಕ್ಕೆ ಯಾರೂ ಭಾರತೀಯ ಪೌರತ್ವ ಕಳೆದುಕೊಳ್ಳುವುದಿಲ್ಲ. ಹುಡುಗಿ ಭಾರತೀಯಳಾಗಿಯೇ ಉಳಿಯುತ್ತಾಳೆ, ಅವಳ ಪಾಸ್‌ಪೋರ್ಟ್ ಊರ್ಜಿತವಾಗಿಯೇ ಇರುತ್ತದೆ. ಆದರೆ ಅವಳು ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ, ಅದೇ ಕಾಯ್ದೆಯ 9ನೇ ಕಲಮಿನಂತೆ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಅಮೆರಿಕ, ಬ್ರಿಟನ್, ಕೆನಡಾ ಎರಡು ಪೌರತ್ವಗಳನ್ನು ಒಪ್ಪುತ್ತವೆ, ಭಾರತ ಒಪ್ಪುವುದಿಲ್ಲ. ಹೊಸ ಪೌರತ್ವ ಬಂದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಮುಚ್ಚಿಟ್ಟು ಬಳಸಿದರೆ ಅದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ.

ಹಾಗಾಗಿ ಅವಸರ ಬೇಡ ಎನ್ನುತ್ತೇವೆ. ಕುವೈತ್ ಪ್ರಜೆಗಳನ್ನು ಮದುವೆಯಾಗಿ ಅಲ್ಲಿನ ಪೌರತ್ವ ಪಡೆದಿದ್ದ ಸಾವಿರಾರು ಮಹಿಳೆಯರ ಪೌರತ್ವವನ್ನು ಆ ದೇಶ 2024ರಿಂದೀಚೆಗೆ ರದ್ದು ಮಾಡಿತು. ಅದಕ್ಕಾಗಿ ಹುಟ್ಟಿದ ದೇಶದ ಪೌರತ್ವವನ್ನು ಬಿಟ್ಟುಕೊಟ್ಟಿದ್ದವರು ಎರಡೂ ಇಲ್ಲದಂತಾದರು. ಗಂಡನ ದೇಶದಲ್ಲಿ ವಾಸದ ಪರವಾನಗಿಯಿಂದಲೇ ಬದುಕು ನಡೆಯುವುದಾದರೆ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಳ್ಳುವುದೇ ಕ್ಷೇಮ.

ಬಿಟ್ಟ ಮೇಲೆ ಉಳಿಯುವುದೇನು?

ಭಾರತೀಯ ಪೌರತ್ವ ಬಿಟ್ಟವರು ಓಸಿಐ ಕಾರ್ಡ್ ಪಡೆಯಬಹುದು. ಅದಿದ್ದರೆ ವೀಸಾ ಇಲ್ಲದೆ ಬಂದು ಎಷ್ಟು ದಿನವಾದರೂ ಇರಬಹುದು. ಆದರೆ ಮತದಾನದ ಹಕ್ಕಿಲ್ಲ, ಕೃಷಿ ಭೂಮಿ ಖರೀದಿಸುವಂತಿಲ್ಲ. ನಮ್ಮದು ಹೊಲಮನೆಗಳ ಸೀಮೆಯಾದ್ದರಿಂದ ಒಂದು ಮಾತು ಸ್ಪಷ್ಟಪಡಿಸುತ್ತೇವೆ: ತಂದೆಯಿಂದ ವಾರಸಾಗಿ ಬರುವ ಹೊಲದ ಪಾಲನ್ನು ಪಡೆಯಲು ಓಸಿಐ ಇರುವ ಮಗಳಿಗೆ ಅಡ್ಡಿಯಿಲ್ಲ. ಪಾಸ್‌ಪೋರ್ಟ್ ನೆಪ ಹೇಳಿ ಅಕ್ಕ-ತಂಗಿಯರ ಮೀರಾಸ್ ತಡೆಯಬೇಡಿ.

ಹೊರದೇಶದ ಸೊಸೆ ಅಥವಾ ಅಳಿಯ ಬಂದರೆ

ನೋಂದಣಿಯಾದ ಮದುವೆ ಎರಡು ವರ್ಷ ನಿರಂತರವಾಗಿ ಉಳಿದ ಮೇಲೆ ವಿದೇಶಿ ಸಂಗಾತಿ ಓಸಿಐಗೆ ಅರ್ಜಿ ಹಾಕಬಹುದು. ತಲಾಕ್ ಅಥವಾ ಖುಲಾದಿಂದ ಮದುವೆ ಮುರಿದರೆ ಅದು ರದ್ದಾಗಬಹುದು. ಪಾಕಿಸ್ತಾನ, ಬಾಂಗ್ಲಾದೇಶದ ಪೌರರಿಗೂ ಅವರ ಸಂತತಿಗೂ ಓಸಿಐ ಸಿಗದು. ಭಾರತೀಯ ಪೌರತ್ವ ಬೇಕಿದ್ದರೆ ಒಟ್ಟು ಏಳು ವರ್ಷ ಭಾರತದಲ್ಲಿ ವಾಸವಿದ್ದು ಅರ್ಜಿ ಸಲ್ಲಿಸಬೇಕು. ಅದು ಜಿಲ್ಲಾಧಿಕಾರಿಗಳ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಸರ್ಕಾರದ ಒಪ್ಪಿಗೆ ಪತ್ರ ಕೈಗೆ ಬರುವ ಮುನ್ನ ಅವರು ತಮ್ಮ ದೇಶದ ಪೌರತ್ವ ಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ವೀಸಾ ಅವಧಿ ಮೀರಲು ಬಿಡಬೇಡಿ. ಅವಧಿ ಮೀರಿ ಉಳಿದವರನ್ನು ಕಾಯ್ದೆ ಅಕ್ರಮ ವಲಸಿಗರೆಂದು ಎಣಿಸುತ್ತದೆ. ಅಂಥವರು ಮದುವೆಯ ಆಧಾರದಲ್ಲಿ ಪೌರತ್ವ ಕೇಳುವಂತಿಲ್ಲ. 2004ರ ಡಿಸೆಂಬರ್ 3ರ ನಂತರದ ನಿಯಮದಂತೆ ಇಲ್ಲಿಯೇ ಹುಟ್ಟಿದ ಅವರ ಮಗುವಿಗೂ, ಇನ್ನೊಬ್ಬ ಪಾಲಕರು ಭಾರತೀಯರಾಗಿದ್ದರೂ ಸಹ, ಹುಟ್ಟಿನಿಂದ ಪೌರತ್ವ ಬರುವುದಿಲ್ಲ.

ಮಕ್ಕಳ ವಿಚಾರ

ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಅಥವಾ ತಾಯಿಯ ಮೂಲಕ ಭಾರತೀಯ ಪೌರತ್ವ ಸಿಗುತ್ತದೆ. ಆದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇನ್ನೊಂದು ದೇಶದ ಪೌರತ್ವವೂ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ತ್ಯಜಿಸಬೇಕು. ಇಲ್ಲವಾದರೆ ಭಾರತದ್ದು ಹೋಗುತ್ತದೆ.

ಭಾರತೀಯ ತಾಯಿ, ಪಾಕಿಸ್ತಾನಿ ತಂದೆಗೆ ದುಬೈಯಲ್ಲಿ ಹುಟ್ಟಿದ ಮಕ್ಕಳ ಪ್ರಕರಣವೊಂದು ನಮ್ಮ ಕರ್ನಾಟಕ ಹೈಕೋರ್ಟ್‌ಗೇ ಬಂದಿತ್ತು. ತಂದೆ-ತಾಯಿ ಬೇರೆಯಾಗಿದ್ದರು. ಮಕ್ಕಳ ಪಾಕಿಸ್ತಾನಿ ಪಾಸ್‌ಪೋರ್ಟ್‌ಗಳನ್ನು ಒಪ್ಪಿಸಲಾಗಿತ್ತು. ಆದರೆ 21 ವರ್ಷ ತುಂಬದೆ ಪೌರತ್ವ ತ್ಯಜಿಸಲು ಆ ದೇಶದ ಕಾನೂನು ಬಿಡುವುದಿಲ್ಲ. ಪಾಸ್‌ಪೋರ್ಟ್ ಒಪ್ಪಿಸುವುದು ಬೇರೆ, ಪೌರತ್ವ ತ್ಯಜಿಸುವುದು ಬೇರೆ ಎಂದ ನ್ಯಾಯಾಲಯ ಮನವಿಯನ್ನು ಒಪ್ಪಲಿಲ್ಲ. ದೊಡ್ಡವರು ಮದುವೆಗೆ ಮುನ್ನ ಮಾತಾಡದೆ ಬಿಟ್ಟ ವಿಷಯದ ಭಾರ ಹೀಗೆ ಮಕ್ಕಳ ಮೇಲೆ ಬೀಳುತ್ತದೆ.

ನಿಕಾಹ್‌ನಾಮಾ ಸಾಲದು

ವೀಸಾಕ್ಕೂ ಓಸಿಐಗೂ ನೋಂದಣಿ ಪತ್ರ ಬೇಕಾಗುತ್ತದೆ. ಮದುವೆ ಪ್ರಮಾಣಪತ್ರ ನೀಡಲು ವಕ್ಫ್ ಮಂಡಳಿಗೆ ರಾಜ್ಯ ಸರ್ಕಾರ 2023ರಲ್ಲಿ ಕೊಟ್ಟ ಅಧಿಕಾರಕ್ಕೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ನೀಡಿತು. ಆದ್ದರಿಂದ ನಿಕಾಹ್‌ನಾಮಾ ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಆ ತಂದೆಗೆ ನಾವು ಹೇಳಿದ್ದಿಷ್ಟು: “ನಿಮ್ಮ ಮಗಳು ಭಾರತೀಯಳೇ ಆಗಿರ್ತಾಳ್ರಿ. ಮಾತುಕತೆ ದಿನ ಮಹ್ರ್ ಕೇಳೂಮುಂದ, ಹುಡುಗನ ಪಾಸ್‌ಪೋರ್ಟ್ ಯಾವ ದೇಶದ್ದು, ಮಕ್ಕಳನ್ನ ಯಾವ ದೇಶದಾಗ ನೋಂದಾಯಿಸ್ತೀರಿ ಅಂತನೂ ಕೇಳ್ರಿ. ಆಕಿ ಪಾಸ್‌ಪೋರ್ಟ್ ಆಕಿ ಕೈಯಾಗ ಇರ್ಲಿ.” ಸಾಲದ ವ್ಯವಹಾರವನ್ನೇ ಬರೆದಿಡಲು ಕುರ್‌ಆನ್ ಆಜ್ಞಾಪಿಸಿರುವಾಗ, ಮಗಳ ಬದುಕಿನ ಕಾಗದಪತ್ರ ಕೇಳಲು ಸಂಕೋಚವೇಕೆ? ಅಲ್ಲಾಹನು ನಮ್ಮ ಮಕ್ಕಳ ಸಂಸಾರಗಳಲ್ಲಿ ಬರ್ಕತ್ ನೀಡಲಿ, ಆಮೀನ್.